ಮೆಸೇಜ್ ಬಾರದ ಸಬ್ಸಿಡಿ

ಚಿತ್ರದುರ್ಗದ ಕೋಟೆ ನೋಡೋಕೆ ಬಂದವರು ಸಾಮಾನ್ಯವಾಗಿ ಮಧ್ಯಾಹ್ನದ ಊಟ ಮುಗಿಸಿ ಹೈವೇ ಹಿಡಿಯುತ್ತಾರೆ. ನಿಮಗೆ ಅರ್ಧ ದಿನ ಉಳಿದಿದ್ದರೆ ಭೀಮಸಮುದ್ರಕ್ಕೆ ಹೋಗಿಬನ್ನಿ. ಬಂಡೆ, ಕುರುಚಲು ಗುಡ್ಡ, ಮೆಕ್ಕೆಜೋಳದ ಹೊಲಗಳನ್ನು ದಾಟುತ್ತಿದ್ದಂತೆ ಮಲೆನಾಡಿನ ಒಂದು ತುಂಡು ತಂದಿಟ್ಟ ಹಾಗೆ ಅಡಿಕೆ ತೋಟ ಶುರುವಾಗುತ್ತೆ. ಊರೊಳಗೆ ಮಂಡಿಗಳು, ಕಣದಲ್ಲಿ ಒಣಗುತ್ತಿರುವ ಕೆಂಪಡಿಕೆ. ಇಲ್ಲಿ ಉಭಯಕುಶಲೋಪರಿಗಿಂತ ಮೊದಲು ರಾಶಿ, ಬೆಟ್ಟೆಯ ರೇಟು.

ಈ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳೋದು 600 ಮಿ.ಮೀ. ಆಸುಪಾಸಿನ ಮಳೆ. ತೀರ್ಥಹಳ್ಳಿಯಲ್ಲಿ ಅದರ ಹಲವು ಪಟ್ಟು. ಹಾಗಾದರೆ ಇಷ್ಟು ಹಸಿರು ಎಲ್ಲಿಂದ? ಕೆರೆ ಇದೆ, ನಿಜ. ಆದರೆ ಸುತ್ತಲಿನ ತೋಟಗಳ ಬಹುಪಾಲು ನಿಂತಿರೋದು ಬೋರ್‌ವೆಲ್ ಮೇಲೆ. ಬೋರ್‌ವೆಲ್ ನಿಂತಿರೋದು ಸಬ್ಸಿಡಿ ಮೇಲೆ.

'ಸರ್ಕಾರ ಏನು ಕೊಡುತ್ತೆ?' ಅಂತ ತೋಟದವರನ್ನು ಕೇಳಿ ನೋಡಿ. 'ಎರಡು ಸಾವಿರ' ಅಂತಾರೆ. ಅದು ಪಿಎಂ-ಕಿಸಾನ್. 2019ರಲ್ಲಿ ಶುರುವಾದ ಯೋಜನೆ, ಮೂರು ಕಂತಲ್ಲಿ ವರ್ಷಕ್ಕೆ 6,000 ರೂಪಾಯಿ. ತಿಂಗಳಿಗೆ ಲೆಕ್ಕ ಹಾಕಿದರೆ ಐನೂರು. ಆಮೇಲೆ ನೆನಪಾಗೋದು ಡ್ರಿಪ್. ಅದಕ್ಕೆ ಕೇಂದ್ರದ ಮಾರ್ಗಸೂಚಿಯಲ್ಲಿ ಸಣ್ಣ ರೈತರಿಗೆ ಶೇ 55, ಉಳಿದವರಿಗೆ ಶೇ 45 ನೆರವು. ಅದರ ಮೇಲೆ ರಾಜ್ಯದ ಪಾಲು.

ಯಾರ ಬಾಯಲ್ಲೂ ಬಾರದ್ದು ಕರೆಂಟು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ರೈತ ಬಿಲ್ ಕಟ್ಟಬೇಕಿಲ್ಲ. ಆ ಹಣವನ್ನು ರಾಜ್ಯ ಸರ್ಕಾರವೇ ವಿದ್ಯುತ್ ಕಂಪನಿಗಳಿಗೆ ತುಂಬಿಕೊಡುತ್ತೆ. ಇಡೀ ರಾಜ್ಯಕ್ಕೆ ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಮೀರಿದ ಬಾಬ್ತು. ಆದರೆ 'ನಿಮ್ಮ ಖಾತೆಗೆ ಜಮೆಯಾಗಿದೆ' ಅನ್ನೋ ಮೆಸೇಜ್ ಬರಲ್ಲ. ಹಾಗಾಗಿ ಅದು ಸಬ್ಸಿಡಿ ಅಂತ ಯಾರಿಗೂ ಅನ್ನಿಸೋದೇ ಇಲ್ಲ.

ಮೆಸೇಜ್ ಬರೋ ಹಣ ಗೊಬ್ಬರಕ್ಕೋ ಮಕ್ಕಳ ಫೀಸಿಗೋ ಹೋಗುತ್ತೆ. ಏನು ಬೆಳೆಯಬೇಕು ಅಂತ ತೀರ್ಮಾನಿಸೋದು ಈ ಮೆಸೇಜ್ ಬಾರದ ಹಣ.

ಲೆಕ್ಕ ನೋಡಿ. ಎಕರೆಗೆ ಸುಮಾರು 550 ಮರ. ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಅಂದರೂ ಎಕರೆಗೆ 11,000 ಲೀಟರ್. ಹಾಯಿಸೋ ನೀರಿಗೆ ಹೋಲಿಸಿದರೆ ಇದು ದೊಡ್ಡ ಉಳಿತಾಯವೇ. ಆದರೆ ಉಳಿದ ನೀರು ನೆಲದಡಿ ಉಳಿಯಲ್ಲ, ಪಕ್ಕದ ಜೋಳದ ಹೊಲದಲ್ಲಿ ಹೊಸ ಅಡಿಕೆ ಸಸಿಯಾಗುತ್ತೆ. ಒಂದು ಸಬ್ಸಿಡಿ ನೀರು ಉಳಿಸು ಅನ್ನುತ್ತೆ, ಇನ್ನೊಂದು ಎತ್ತು ಅನ್ನುತ್ತೆ. ಪಂಪಿಗೆ ಆಟೋ ಸ್ಟಾರ್ಟರ್ ಬೇರೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದರೂ ಮೋಟಾರ್ ತಾನೇ ಎದ್ದು ಕೆಲಸ ಶುರು ಮಾಡುತ್ತೆ.

ಹಾಗಂತ ರೈತರನ್ನು ದೂರೋದು ಸುಲಭ, ಸರಿಯಲ್ಲ. ರಾಗಿ ಬೆಳೆದು ಮಗಳ ಎಂಜಿನಿಯರಿಂಗ್ ಫೀಸ್ ಕಟ್ಟಿ ಅಂತ ಅವರಿಗೆ ಹೇಳೋ ಧೈರ್ಯ ನನಗಿಲ್ಲ. ನೀರಿನ ನಿಜವಾದ ಬೆಲೆ ಅವರಿಗೆ ಗೊತ್ತಾಗೋದು ಬರ ಬಂದಾಗ. ಬೋರ್ ಬತ್ತಿದ ವರ್ಷಗಳಲ್ಲಿ ಈ ಜಿಲ್ಲೆಯವರು ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಂಡಿದ್ದಾರೆ. ಟ್ಯಾಂಕರಿಗೆ ಸಬ್ಸಿಡಿ ಇಲ್ಲ. ಸಾಲ ಮಾಡಿ ಹನಿಸಿದರೂ ಒಣಗಿದ ಮರ ಮತ್ತೆ ನೆಟ್ಟರೆ, ಫಸಲಿಗೆ ಐದಾರು ವರ್ಷ ಕಾಯಬೇಕು.

ಪಂಜಾಬ್‌ನಲ್ಲಿ 2018ರಲ್ಲಿ ಬೇರೆ ಒಂದು ದಾರಿ ಹಿಡಿದರು. ಕರೆಂಟ್ ಫ್ರೀಯೇ ಇರಲಿ, ಆದರೆ ನಿಗದಿತ ಕೋಟಾದಲ್ಲಿ ಉಳಿಸಿದ ಪ್ರತಿ ಯೂನಿಟ್‌ಗೆ ನಾಲ್ಕು ರೂಪಾಯಿ ರೈತರ ಖಾತೆಗೆ. ಅಂದರೆ ಉಳಿಸಿದ ನೀರಿಗೂ ಒಂದು ಮೆಸೇಜ್. ಸೇರೋದು ಬಿಡೋದು ಅವರಿಷ್ಟ. ಬಯಲುಸೀಮೆಯ ಅಡಿಕೆ ನಾಡಲ್ಲಿ ಒಂದೆರಡು ಫೀಡರ್‌ನಲ್ಲಾದರೂ ಇದನ್ನು ಪ್ರಯತ್ನಿಸಬಹುದಲ್ವಾ?

ಬೆಂಗಳೂರಲ್ಲಿ ಕೂತು ಊರಲ್ಲಿ ತೋಟ ಇಟ್ಟುಕೊಂಡಿರೋ ನಮ್ಮಂಥವರು ಅಪ್ಪನಿಗೆ ಫೋನ್ ಮಾಡಿದಾಗ 'ಎರಡು ಸಾವಿರ ಬಂತಾ?' ಅಂತ ಕೇಳ್ತೀವಿ. 'ಬೋರ್‌ನಲ್ಲಿ ನೀರು ಎಷ್ಟು ಅಡಿಗಿದೆ?' ಅಂತಾನೂ ಕೇಳೋಣ.