ಗುಹಾಸುರನೂ ಹೆಸರಿಲ್ಲದ ಜೀವಿಯೂ

ರಾಕ್ಷಸನೆಂದರೆ ಯಾರು? ಸೃಷ್ಟಿಗೊಂಡವನೋ, ಸೃಷ್ಟಿಸಿದವನೋ? ವಾಚಕ ಮಹನೀಯರೇ, ಪಾಶ್ಚಾತ್ಯರ ಭಯಾನಕ ಕಾದಂಬರಿಯೊಂದು ಈ ಪ್ರಶ್ನೆಯನ್ನು ಎತ್ತಿತು. ನಮ್ಮ ಹರಿಹರದ ಸ್ಥಳಪುರಾಣವೂ ಇದಕ್ಕೆ ಸಮೀಪವಾದ ಪ್ರಶ್ನೆಯನ್ನೇ ಕೇಳುತ್ತದೆ. ಎರಡನ್ನೂ ಜೊತೆಗಿಟ್ಟು ವಿಚಾರಿಸೋಣ.

ಮೇರಿ ಶೆಲ್ಲಿಯೆಂಬ ಆಂಗ್ಲ ಲೇಖಕಿಯ ‘ಫ್ರಾಂಕೆನ್‌ಸ್ಟೈನ್’ ಪ್ರಕಟವಾದುದು 1818ರಲ್ಲಿ. ಆಗ ಆಕೆಯ ವಯಸ್ಸು ಕೇವಲ 20. ವಿಕ್ಟರ್ ಫ್ರಾಂಕೆನ್‌ಸ್ಟೈನ್ ಎಂಬ ತರುಣ ವಿದ್ಯಾರ್ಥಿಯು ನಿರ್ಜೀವ ಅಂಗಗಳನ್ನು ಜೋಡಿಸಿ ಪ್ರಾಣ ತುಂಬುತ್ತಾನೆ. ಅದು ಕಣ್ತೆರೆದೊಡನೆ ಅದರ ವಿಕಾರಕ್ಕೆ ಹೇಸಿ ಓಡಿಹೋಗುತ್ತಾನೆ. ಆ ಜೀವಿಯಾದರೋ ಒಂದು ಬಡ ಕುಟುಂಬದ ಮನೆಯ ಮಗ್ಗುಲಲ್ಲಿ ಅಡಗಿದ್ದು, ಅವರ ಮಾತನ್ನಾಲಿಸಿ ಭಾಷೆ ಕಲಿಯುತ್ತದೆ. ರಾತ್ರಿಯಲ್ಲಿ ಅವರಿಗೆ ಸೌದೆ ತಂದು ಹಾಕುತ್ತದೆ. ಆ ಮನೆಯ ಕುರುಡ ಮುದುಕನು ಅದನ್ನು ಕರುಣೆಯಿಂದ ಮಾತನಾಡಿಸುತ್ತಾನೆ, ಕಣ್ಣುಳ್ಳವರು ಹೊಡೆದಟ್ಟುತ್ತಾರೆ. ಕೊಲೆಗಳೆಲ್ಲ ಆಮೇಲಿನವು.

ಇನ್ನು ನಮ್ಮ ಕಥೆ. ಗುಹನೆಂಬ ಅಸುರನು ಉಗ್ರ ತಪಸ್ಸಿನಿಂದ ಬ್ರಹ್ಮನನ್ನು ಮೆಚ್ಚಿಸಿ, ಹರಿಯಿಂದಾಗಲಿ ಹರನಿಂದಾಗಲಿ ತನಗೆ ಮರಣವಿಲ್ಲದಂತೆ ವರ ಪಡೆದನು. ಅನಂತರ ಲೋಕಕಂಟಕನಾದನು. ಬ್ರಹ್ಮನು ಅವನನ್ನು ಹುಟ್ಟಿಸಿದವನಲ್ಲದಿರಬಹುದು. ಆದರೆ ಅವನ ಬಲವನ್ನು ಹುಟ್ಟಿಸಿದವನು ಅವನೇ. ಆಗ ದೇವತೆಗಳು ಕೊಟ್ಟ ವರವನ್ನು ಸುಳ್ಳು ಮಾಡಲಿಲ್ಲ, ಓಡಿಹೋಗಲೂ ಇಲ್ಲ. ಹರಿ ಹರರಿಬ್ಬರೂ ತಮ್ಮ ಪ್ರತ್ಯೇಕತೆಯನ್ನೇ ಬಿಟ್ಟು ಒಂದೇ ಶರೀರವಾಗಿ ಬಂದು ಅವನನ್ನು ಸಂಹರಿಸಿದರು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕ್ರಿ.ಶ. 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇಗುಲದಲ್ಲಿ ಬಲಭಾಗ ಹರ, ಎಡಭಾಗ ಹರಿಯಾದ ಆ ಮೂರ್ತಿಯನ್ನು ನೀವು ದರ್ಶಿಸಿರಬಹುದು.

ಇನ್ನೊಂದು ಅಂಶ ಗಮನಾರ್ಹ. ಆ ಕ್ಷೇತ್ರಕ್ಕೆ ಗುಹಾರಣ್ಯವೆಂಬ ಹೆಸರು ಪರಂಪರೆಯಲ್ಲಿ ಉಳಿದಿದೆ. ಸಂಹಾರವಾದರೂ ಅಸುರನ ಹೆಸರು ಅಳಿಯಲಿಲ್ಲ. ವಿಕ್ಟರನಾದರೋ ತಾನು ಮಾಡಿದ ಜೀವಿಗೆ ಹೆಸರನ್ನೇ ಇಡಲಿಲ್ಲ. ಜನರು ಇಂದಿಗೂ ಆ ಜೀವಿಯನ್ನೇ ಫ್ರಾಂಕೆನ್‌ಸ್ಟೈನ್ ಎಂದು ಕರೆಯುತ್ತಾರೆ. ಇದು ತಪ್ಪಾದರೂ ನ್ಯಾಯವಾದ ತಪ್ಪೆಂದು ನನಗೆ ತೋರುತ್ತದೆ.

ದಾವಣಗೆರೆಯಲ್ಲಿ ಬಹುಕಾಲ ಶಿಕ್ಷಕನಾಗಿದ್ದ ನನ್ನ ಮುಂದೆ ತಂದೆಯೊಬ್ಬರು ಮಗನನ್ನು ನಿಲ್ಲಿಸಿ, “ಇವನು ರಾಕ್ಷಸ ಸ್ವಾಮಿ, ನನ್ನ ಮಗನೇ ಅಲ್ಲ” ಎಂದರು. ಆ ಹುಡುಗ ತಲೆ ತಗ್ಗಿಸಲಿಲ್ಲ. ತಂದೆಯ ಮುಖವನ್ನೇ ನೋಡುತ್ತಿದ್ದ. “ನಿಮ್ಮ ಮಗನೇ ಯಜಮಾನರೇ, ಮೊದಲು ಹಾಗೆಂದು ಹೇಳಿರಿ, ಮಿಕ್ಕಿದ್ದನ್ನು ಆಮೇಲೆ ನೋಡೋಣ” ಎಂದೆ. ಅವರಿಗೆ ಅದು ರುಚಿಸಲಿಲ್ಲ. ಆದರೂ ಹೋಗುವಾಗ ಹುಡುಗನ ಕೈ ಹಿಡಿದುಕೊಂಡೇ ಹೋದರು.

ಮಾಡಿದ ಕೊಲೆಗೆ ಆ ಜೀವಿಯೂ ಹೊಣೆಯೇ, ಲೋಕಪೀಡೆಗೆ ಗುಹನೂ ಹೊಣೆಯೇ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹುಟ್ಟಿಸಿ ಮುಖ ತಿರುಗಿಸಿದವನ ಅಪರಾಧ ಮೊದಲಿನದು. ಮಿಕ್ಕವು ಅದರ ಬೆನ್ನಿಗೆ ಬಂದವು.

ಮಠದ ನೆರಳಿನಲ್ಲಿ ಓದಿ ಬೆಳೆದ ನಮ್ಮಲ್ಲಿ ಅನೇಕರು ಇಂದು ಮಕ್ಕಳನ್ನೂ ಸಂಸ್ಥೆಗಳನ್ನೂ ಯಂತ್ರಗಳನ್ನೂ ರೂಪಿಸುವ ಸ್ಥಾನದಲ್ಲಿದ್ದೇವೆ. ರೂಪಿಸಿದ್ದು ದಾರಿ ತಪ್ಪಿದಾಗ ಶಪಿಸುವುದು ಸುಲಭ. ಅದನ್ನು ತಿದ್ದುವುದಕ್ಕಾಗಿ ನಾವೇ ಬದಲಾಗಬೇಕಾಗಿ ಬಂದರೆ ಸಿದ್ಧರಿದ್ದೇವೆಯೇ? ಹರಿಹರಕ್ಕೆ ಹೋದಾಗ ಆ ಎರಡು ಪಾಲಿನ ಮೂರ್ತಿಯ ಮುಂದೆ ನಿಂತು ಈ ಪ್ರಶ್ನೆಯನ್ನೊಮ್ಮೆ ಕೇಳಿಕೊಳ್ಳಿರಿ.