ಮಚ್ಛೆಯ ಮಾರ್ಗವೂ ಲಾರಿಯವರ ಲೆಕ್ಕವೂ

ಬೆಳಗಾವಿ ನಗರದಿಂದ ಖಾನಾಪುರದ ಕಡೆಗೆ ಹೊರಟವರು ತಿಲಕವಾಡಿಯ ಮೂರನೆಯ ರೈಲ್ವೆ ಗೇಟು, ಉದ್ಯಮಬಾಗ, ಪೀರನವಾಡಿಗಳನ್ನು ಹಿಂದಿಕ್ಕಿದ ಮೇಲೆ ಮಚ್ಛೆಯನ್ನು ಸೇರುತ್ತಾರೆ. ಪ್ರವಾಸಿಗರು ಇಳಿದು ನೋಡುವ ಊರು ಇದಲ್ಲ. ಆದರೂ ಒಂದು ಗಳಿಗೆ ನಿಂತು ನೋಡತಕ್ಕದ್ದು ಇಲ್ಲಿ ಬೇಕಾದಷ್ಟಿದೆ. ಒಂದೆಡೆ ಕೈಗಾರಿಕಾ ವಸಾಹತಿನ ಸದ್ದು. ಇನ್ನೊಂದೆಡೆ 1998ರಲ್ಲಿ ಸ್ಥಾಪನೆಗೊಂಡ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನ ಸಂಗಮ’. ಇವುಗಳ ನೆರೆಯಲ್ಲಿಯೇ ಹಗಲಿರುಳೆನ್ನದೆ ಸಾಗುವ ಲಾರಿಗಳ ಸಾಲು. ಹಿರಿಯರು ಈ ದಾರಿಯನ್ನು ‘ನಾಲ್ಕು-ಎ’ ಎಂದೇ ಬಲ್ಲರು. 2010ರ ಮರುಸಂಖ್ಯೆಯ ಬಳಿಕ ಅದು ರಾಷ್ಟ್ರೀಯ ಹೆದ್ದಾರಿ 748. ಖಾನಾಪುರ, ರಾಮನಗರಗಳನ್ನು ದಾಟಿ, ಅನಮೋಡ ಘಟ್ಟವನ್ನಿಳಿದು, ಮೊಲೆಂ ಮಾರ್ಗವಾಗಿ ಗೋವೆಯನ್ನು ಮುಟ್ಟುವ ದಾರಿ ಇದು.

ರಸ್ತೆಯಂಚಿನ ಚಹದಂಗಡಿಗಳಲ್ಲಿ ಕುಳಿತರೆ ಚಾಲಕರ ಮಾತು ಕಿವಿಗೆ ಬೀಳುತ್ತದೆ. ಕನ್ನಡ, ಮರಾಠಿ, ಹಿಂದಿ, ಕೊಂಕಣಿಗಳೆಲ್ಲ ಬೆರೆತ ಮಾತು; ವಿಷಯ ಮಾತ್ರ ಬಹುಮಟ್ಟಿಗೆ ಒಂದೇ. ಎಷ್ಟು ವೇಗದಲ್ಲಿ ಬಂದೆ, ಎಷ್ಟು ಡೀಸೆಲ್ ಹೋಯಿತು, ಎಷ್ಟು ಹೊತ್ತು ಉಳಿಯಿತು? ಮೇಲುನೋಟಕ್ಕೆ ಇದು ಹರಟೆ. ಒಳಹೊಕ್ಕು ನೋಡಿದರೆ ಒಂದು ಸಂಸಾರದ ಆಯವ್ಯಯ ಪತ್ರವೇ ಅದರಲ್ಲಿ ಅಡಗಿದೆ.

ಆ ಲೆಕ್ಕವನ್ನು ನಾವೂ ಸ್ವಲ್ಪ ಹಾಕಿ ನೋಡೋಣ. ಬೆಳಗಾವಿಯಿಂದ ಬೆಂಗಳೂರಿಗೆ ಸುಮಾರು 500 ಕಿಲೋಮೀಟರ್. ಗಂಟೆಗೆ 60ರ ಸರಾಸರಿಯಲ್ಲಿ ಸಾಗಿದ ಲಾರಿಗೆ ಎಂಟು ಗಂಟೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. 75ರಲ್ಲಿ ಸಾಗಿದರೆ ಆರು ಗಂಟೆ ನಲವತ್ತು ನಿಮಿಷ ಸಾಕು. ಉಳಿತಾಯ ನೂರು ನಿಮಿಷ. ಭಾರ ಹೊತ್ತ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುವುದೆಂದು ಹಿಡಿದರೆ ಮೊದಲನೆಯದಕ್ಕೆ 125 ಲೀಟರ್ ಬೇಕು. ವೇಗ ಹೆಚ್ಚಿದುದರಿಂದ ಐದನೆಯ ಒಂದು ಪಾಲು ಹೆಚ್ಚು ಇಂಧನ ಉರಿದರೆ 150 ಲೀಟರ್. ಲೀಟರಿಗೆ 90 ರೂಪಾಯಿಯಂತೆ 2,250 ರೂಪಾಯಿ ಹೊಗೆಯಾಯಿತು. ನೂರು ನಿಮಿಷಕ್ಕೆ ಅಷ್ಟು ಬೆಲೆ! ಚಾಲಕನ ಒಂದು ದಿನದ ದುಡಿಮೆಗೆ ಅಷ್ಟು ಕೊಡುವ ಮಾಲೀಕರು ಎಷ್ಟು ಮಂದಿ ಎಂಬುದನ್ನು ಓದುಗರೇ ಊಹಿಸಬಹುದು.

ಇದಕ್ಕೆ ಕಾರಣ ಗಾಳಿ. ವೇಗ ಇಮ್ಮಡಿಸಿದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಅರವತ್ತರಿಂದ ಎಂಬತ್ತಕ್ಕೆ ಏರಿದರೂ ಸಾಕು, ಅದು ಒಂದೂ ಮುಕ್ಕಾಲು ಪಟ್ಟಿಗಿಂತ ಮಿಗಿಲಾಗುತ್ತದೆ. ಲಾರಿಯ ಚಪ್ಪಟೆ ಮೋರೆ, ಮೇಲೆ ಹೊದಿಸಿದ ತಾಡಪತ್ರಿ, ಪಟಪಟನೆ ಬಡಿಯುವ ಹಗ್ಗ — ಇವೆಲ್ಲ ಗಾಳಿಗೆ ಎದೆಯೊಡ್ಡಿ ನಿಂತ ಗೋಡೆಯಂತೆ. ಜ್ಞಾನ ಸಂಗಮದ ವಿದ್ಯಾರ್ಥಿಗಳು ಈ ಸೂತ್ರವನ್ನು ಪುಸ್ತಕದಲ್ಲಿ ಓದುತ್ತಾರೆ. ಕೆಳಗಿನ ರಸ್ತೆಯ ಚಾಲಕರು ಡೀಸೆಲ್ ಚೀಟಿಯಲ್ಲಿ ಓದುತ್ತಾರೆ. ಇಂಜಿನ್ನಿನ ಸುತ್ತುಗಳನ್ನು ತೋರಿಸುವ ಮಾಪಕದಲ್ಲಿ ಹಸಿರು ಪಟ್ಟಿಯೊಂದಿದೆ. ಮುಳ್ಳು ಅದರೊಳಗೆ ನಿಲ್ಲುವಂತೆ ಗೇರು ಬದಲಿಸುವವನೇ ಬಲ್ಲವನೆಂದು ಅವರಲ್ಲಿ ಹೆಸರು.

ಬಲ್ಲವರೂ ಎಡವುವ ಒಂದು ಸ್ಥಳವುಂಟು. ಅದು ಘಟ್ಟದ ಇಳಿಜಾರು. ಡೀಸೆಲ್ ಉಳಿಯುವುದೆಂಬ ಆಸೆಯಿಂದ ಅನಮೋಡದಂಥ ಇಳುಕಲಿನಲ್ಲಿ ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿ ಲಾರಿಯನ್ನು ಹರಿಯಬಿಡುವ ಅಭ್ಯಾಸ ಹಳೆಯದು. ವಾಸ್ತವದಲ್ಲಿ ಗೇರಿನಲ್ಲಿಯೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂದಿನ ಇಂಜಿನ್ನು ಇಂಧನವನ್ನು ತಾನೇ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್ಲಿನಲ್ಲಾದರೋ ಅದು ತಿರುಗುತ್ತಿರಲು ಡೀಸೆಲ್ ಬೇಕೇ ಬೇಕು. ಇಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ; ಬ್ರೇಕು ಕಾಯುತ್ತದೆ, ಕಾದದ್ದು ಹಿಡಿಯುವುದಿಲ್ಲ. ಉಳಿತಾಯವೂ ಇಲ್ಲ, ಜೀವಕ್ಕೆ ಭರವಸೆಯೂ ಇಲ್ಲ.

ಇಷ್ಟು ತಿಳಿದಿದ್ದೂ ಅವರೇಕೆ ಓಡಿಸುತ್ತಾರೆ? ಕುಟುಂಬದವರು ಕೇಳುವ ಪ್ರಶ್ನೆಯೂ ಇದೇ. ಕಾನೂನೇನೋ ಅವಸರ ಮಾಡಿಲ್ಲ. 2018ರ ಅಧಿಸೂಚನೆಯಂತೆ ಚತುಷ್ಪಥ ಹೆದ್ದಾರಿಯಲ್ಲಿ ಸರಕು ವಾಹನದ ಮಿತಿ 80. ಸರಕಿನ ಇ-ವೇ ಬಿಲ್ಲು 2021ರ ಜನವರಿಯಿಂದ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ ಕೊಡುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ಎಂಟು ಗಂಟೆ, ಐದು ಗಂಟೆಗೊಮ್ಮೆ ಅರ್ಧ ಗಂಟೆಯ ವಿಶ್ರಾಂತಿ ಎಂದು ಅಂದೇ ಬರೆದಿಟ್ಟಿತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಗಡಿಯ ತೆರಿಗೆ ನಾಕೆಗಳೂ ಹೋದವು. ಆದರೆ ಲಾರಿ ನಿಜವಾಗಿ ಹೊತ್ತು ಕಳೆಯುವುದು ಚಕ್ರ ಉರುಳುವಾಗಲ್ಲ. ಕಾರ್ಖಾನೆಯ ಬಾಗಿಲಲ್ಲಿ ಸರಕು ತುಂಬಲು ಅರ್ಧ ದಿನ, ಮುಟ್ಟಿಸಿದಲ್ಲಿ ಇಳಿಸಲು ಇನ್ನರ್ಧ ದಿನ. ಈ ಕಾಯುವಿಕೆಗೆ ಕೂಲಿ ಕೊಡುವವರು ವಿರಳ. ನಿಂತು ಕಳೆದುಕೊಂಡ ಗಂಟೆಗಳನ್ನು ಓಡಿ ತುಂಬಿಕೊಳ್ಳಬೇಕೆಂಬ ಒತ್ತಾಯ ಚಾಲಕನ ಪಾದಕ್ಕೆ ಇಳಿಯುತ್ತದೆ. ಮೊದಲು ಖರ್ಚಾಗುವುದು ಡೀಸೆಲ್, ಬಳಿಕ ಟೈರು, ಕೊನೆಗೆ ನಿದ್ರೆ. ಕಾರ್ಖಾನೆ, ಅಂಗಡಿಗಳನ್ನು ನಡೆಸುವವರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಬಾಗಿಲ ಹೊರಗೆ ನಿಂತ ಲಾರಿಯ ಹೊತ್ತು ಯಾರ ಹೊತ್ತು ಎಂದು ಅವರು ಒಮ್ಮೆ ಕೇಳಿಕೊಂಡರೆ ಹೆದ್ದಾರಿಯ ಎಷ್ಟೋ ಅವಸರ ತಾನೇ ತಗ್ಗೀತು ಎಂಬುದು ನನ್ನ ನಂಬಿಕೆ. ಕಾಯಕದ ಮಾತನಾಡುವ ನಾವು ಕಾಯಿಸುವುದರಲ್ಲಿ ಧಾರಾಳಿಗಳಾಗಬಾರದಷ್ಟೆ.

ರಸ್ತೆಯ ಪಾಲೂ ಇದರಲ್ಲಿದೆ. 2021ರ ಜನವರಿ 15ರಂದು ಧಾರವಾಡದ ಇಟ್ಟಿಗಟ್ಟಿಯ ಬಳಿ, ಗೋವೆಗೆ ಹೊರಟಿದ್ದ ದಾವಣಗೆರೆಯ ಗೆಳತಿಯರ ವಾಹನಕ್ಕೂ ಟಿಪ್ಪರಿಗೂ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜೀವಗಳು ಹೋದುದನ್ನು ಈ ಭಾಗದ ಯಾವ ಮನೆಯೂ ಮರೆತಿಲ್ಲ. ಸುವರ್ಣ ಚತುಷ್ಕೋನದ ಅಗಲವಾದ ಹೆದ್ದಾರಿ ಹುಬ್ಬಳ್ಳಿ-ಧಾರವಾಡದ ಬಗಲಿನಲ್ಲಿ ಅಂದು ಎರಡೇ ಸಾಲಿಗೆ ಕುಗ್ಗುತ್ತಿತ್ತು.

ಇನ್ನು ಮಚ್ಛೆಯದೇ ಮಾತು. ಹೆದ್ದಾರಿ 48ರ ಮೇಲಿನ ಹಲಗಾದಿಂದ ಮಚ್ಛೆಗೆ, ನಗರವನ್ನು ಹೊಗದೆ ಲಾರಿಗಳು ಹಾಯಲೆಂದು, ಸುಮಾರು ಒಂಬತ್ತೂವರೆ ಕಿಲೋಮೀಟರಿನ ಬೈಪಾಸ್ ಯೋಜಿತವಾಯಿತು. ಉಳಿಯುವ ಹೊತ್ತು ನಿಜ. ನಗರದ ದಟ್ಟಣೆ ತಗ್ಗುವುದೂ ನಿಜ. ಆದರೆ ಅದರ ಗೆರೆ ಹಾಯ್ದದ್ದು ಯಳ್ಳೂರು, ಶಹಾಪುರ, ವಡಗಾವಿ, ಅನಗೋಳ ಕಡೆಯ ಫಲವತ್ತಾದ ಭತ್ತದ ಗದ್ದೆಗಳ ಮೇಲೆ. 2021ರ ನವೆಂಬರಿನಲ್ಲಿ ಯಂತ್ರಗಳು ಹೊಲಕ್ಕಿಳಿದಾಗ ರೈತರು ಅಡ್ಡ ನಿಂತರು. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ಲಾರಿಯವನ ನಿಮಿಷಗಳಿಗೆ ಡೀಸೆಲ್ಲಿನಲ್ಲಿ ಬೆಲೆ ಕಟ್ಟಿದಂತೆ ಗದ್ದೆಯ ಒಂದು ಗುಂಟೆಗೆ ಬೆಲೆ ಕಟ್ಟುವುದು ಸುಲಭವಲ್ಲ. ಪರಿಹಾರದ ಹಣ ಒಮ್ಮೆ ಬರುತ್ತದೆ, ಬೆಳೆ ವರ್ಷವರ್ಷವೂ ಬರುತ್ತಿತ್ತು.

ಮಚ್ಛೆಯಿಂದ ಮುಂದೆ ಮಲಪ್ರಭೆಯ ದಡದ ಖಾನಾಪುರ. ಅಲ್ಲಿಯ ಜೇಡಿಮಣ್ಣು ಹಂಚು, ಕುಂಬಾರಿಕೆಗಳಿಗೆ ಹೆಸರಾದುದು. ಹಂಚು ಹೇರಿದ ಲಾರಿಗಳು ಈ ರಸ್ತೆಯಲ್ಲಿ ಎದುರಾದರೆ ಗಮನಿಸಿ: ಸಾಲಿನ ನಡುವೆ ಹುಲ್ಲು ತುರುಕಿ, ಗುಂಡಿ ಕಂಡಲ್ಲಿ ಮೆಲ್ಲಗೆ ಇಳಿಸಿ, ನಲವತ್ತರ ಆಸುಪಾಸಿನಲ್ಲಿ ಸಾಗುತ್ತವೆ. ಒಡೆದ ಹಂಚಿನ ಲೆಕ್ಕ ಕೇಳುವವರು ಆ ತುದಿಯಲ್ಲಿ ಇದ್ದೇ ಇರುತ್ತಾರೆ.