ಬಟ್ಟಲು ಮಗುಚಿ ನೋಡಿ

ಮದುವೆ ಮುಗಿದ ಮಾರನೆಯ ದಿನ ಹಿತ್ತಲಲ್ಲಿ ಒಂದು ಕೆಲಸ ನಡೆಯುತ್ತಿತ್ತು, ನೆನಪಿದೆಯೇ? ಅಕ್ಕಪಕ್ಕದ ಮನೆಗಳಿಂದ ತಂದ ಕೊಳಗ, ತಪ್ಪಲೆ, ಬೋಗುಣಿಗಳನ್ನು ತೊಳೆದು ಬೋರಲು ಹಾಕಿ, ಚುಕ್ಕಿಚುಕ್ಕಿಯಾಗಿ ಕೆತ್ತಿದ ಹೆಸರು ಓದಿ, ಯಾರದು ಯಾರಿಗೆಂದು ವಿಂಗಡಿಸುವ ಕೆಲಸ. ನಮ್ಮಜ್ಜಿಗೆ ಹೆಸರೂ ಬೇಕಿರಲಿಲ್ಲ. ತಳದ ನೆಗ್ಗು ಸವರಿ ನೋಡಿ, ‘ಇದು ಮೂಲೆಮನೆಯವರದು’ ಅಂದುಬಿಡುತ್ತಿದ್ದಳು.

ಹಳೆಯ ಚೀನೀ ಪಿಂಗಾಣಿ ಬಲ್ಲವರೂ ಮೊದಲು ಮಾಡುವುದು ಅದನ್ನೇ. ಹೊರಮೈಯ ಡ್ರ್ಯಾಗನ್ ಎಷ್ಟೇ ಚೆಂದವಿರಲಿ, ಬಟ್ಟಲನ್ನು ಮಗುಚುತ್ತಾರೆ. ತಳದಲ್ಲಿ ನೀಲಿಯ ಜೋಡಿಗೆರೆಯ ವೃತ್ತ, ಅದರೊಳಗೆ ಆರು ಅಕ್ಷರ. ಬಲಗಡೆಯ ಸಾಲನ್ನು ಮೇಲಿಂದ ಕೆಳಕ್ಕೆ ಓದಬೇಕು, ಆಮೇಲೆ ಎಡಗಡೆಯದನ್ನು: ‘ಮಹಾ ಮಿಂಗ್ ವಂಶದ ಶುವಾಂದೆ ಆಳ್ವಿಕೆಯಲ್ಲಿ ಮಾಡಿದ್ದು’. ಅಂದರೆ 1426ರಿಂದ 1435. ಇತ್ತ ಹಂಪಿಯಲ್ಲಿ ಎರಡನೆಯ ದೇವರಾಯ ಆಳುತ್ತಿದ್ದ ಕಾಲವದು. ಹಂಪಿಯ ಮಣ್ಣು ಅಗೆದಾಗ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಯಾವ ಹಡಗಿನಲ್ಲಿ ಬಂದು, ಯಾವ ಎತ್ತಿನ ಮೇಲೆ ಘಟ್ಟ ಹತ್ತಿದವೋ!

ಹೆಸರು ಓದಿದ ಮೇಲೆ ವಯಸ್ಸು ಗೊತ್ತಾದಂತೆಯೇ ಅಲ್ಲವೇ? ಅಲ್ಲ. ಚೆಂಗ್‌ಹುವಾ ದೊರೆಯ ಕಾಲ 1465ರಿಂದ 1487. ಅವನ ಹೆಸರನ್ನು ಇನ್ನೂರು ವರ್ಷದ ನಂತರ ಕಾಂಗ್‌ಶಿ ಕಾಲದ ಕುಶಲಕರ್ಮಿಗಳೂ ಬರೆದರು. ಕೆಲವರು ಮಾರಾಟಕ್ಕೆಂದು ಬರೆದಿದ್ದಾರು. ಆದರೆ ಬಹಳಷ್ಟು ಕಡೆ ಅದು ಹಿರಿಯರ ಕೈಗುಣಕ್ಕೆ ಹಾಕಿದ ನಮಸ್ಕಾರ. ಮೊಮ್ಮಗನಿಗೆ ತಾತನ ಹೆಸರಿಟ್ಟರೆ ಅದನ್ನು ಯಾರಾದರೂ ಮೋಸ ಅನ್ನುತ್ತಾರೆಯೇ?

ಕಾಂಗ್‌ಶಿ ಎಂದಾಗ ಇನ್ನೊಂದು ನೆನಪಾಯಿತು. ಪಿಂಗಾಣಿಯ ತವರೂರು ಜಿಂಗ್‌ದೆಜೆನ್. 1677ರಲ್ಲಿ ಅಲ್ಲಿಯ ಅಧಿಕಾರಿಯೊಬ್ಬ, ಪಾತ್ರೆಯ ಮೇಲೆ ದೊರೆಯ ಹೆಸರು ಬರೆಯಕೂಡದೆಂದು ಅಪ್ಪಣೆ ಮಾಡಿದ. ಪಾತ್ರೆ ಒಡೆದು ಕಸಕ್ಕೆ ಬಿದ್ದರೆ ಆ ಹೆಸರು ಕಾಲಡಿಗೆ ಬರುತ್ತದಲ್ಲ! ಅಚ್ಚಾದ ಕಾಗದ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಆ ಅಳುಕು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಆ ಕಾಲದ ಎಷ್ಟೋ ತಳಗಳಲ್ಲಿ ಹೆಸರಿನ ಜಾಗದಲ್ಲಿ ಒಂದು ಎಲೆಯೋ ಶಂಖವೋ ಕಮಲವೋ ಇರುತ್ತದೆ. ಇಲ್ಲವೇ ಬರಿಯ ಜೋಡಿವೃತ್ತ. ಬರೆಯದೆ ಬಿಟ್ಟ ಜಾಗವೇ ಅಲ್ಲಿ ಗುರುತು.

ಅದಕ್ಕೇ ಬಲ್ಲವರು ಅಕ್ಷರ ಓದಿ ಅಲ್ಲಿಗೇ ನಿಲ್ಲುವುದಿಲ್ಲ. ಬಟ್ಟಲು ನಿಲ್ಲುವ ಬಳೆಯಂಥ ಅಂಚಿನ ಮೇಲೆ ಬೆರಳಾಡಿಸುತ್ತಾರೆ. ಆವಿಗೆಯಲ್ಲಿ ಅಂಟಿಕೊಳ್ಳದಿರಲೆಂದು ಅಲ್ಲಿಯ ಮೆರುಗನ್ನು ಒರೆಸಿರುತ್ತಾರೆ. ಬೆಂದ ಮಣ್ಣು ಬರಿಮೈಯಲ್ಲಿ ಕಾಣುತ್ತದೆ. ನೂರಾರು ವರ್ಷ ಮೇಜಿಂದ ಮೇಜಿಗೆ ಸರಿದ ಬಟ್ಟಲಿನ ಗೀರುಗಳು ಅತ್ತಿತ್ತ ಹರಿದಿರುತ್ತವೆ. ಉಪ್ಪುಕಾಗದ ಉಜ್ಜಿ ಮುಪ್ಪು ತಂದಿದ್ದರೆ ಗೀರುಗಳೆಲ್ಲ ಒಂದೇ ದಿಕ್ಕಿಗೆ. ‘ಚೈನಾ’ ಎಂದು ಇಂಗ್ಲಿಷ್ ಅಕ್ಷರವಿದ್ದರಂತೂ ಲೆಕ್ಕ ಸುಲಭ: ತಯಾರಾದ ದೇಶದ ಹೆಸರು ಇರಲೇಬೇಕೆಂಬ ಅಮೆರಿಕದ ಕಾನೂನು 1891ರಲ್ಲಿ ಜಾರಿಗೆ ಬಂತು.

ಮತ್ತೆ ಅಜ್ಜಿಯ ಹತ್ತಿರ ಬರೋಣ. ಹುಟ್ಟಿದ ವರ್ಷ ಕೇಳಿದರೆ ‘ಪ್ರಜೋತ್ಪತ್ತಿ ಸಂವತ್ಸರ, ಕಾರ್ತಿಕ ಮಾಸ’ ಎನ್ನುತ್ತಿದ್ದಳು. 1931 ಪ್ರಜೋತ್ಪತ್ತಿ ಸರಿ. 1871 ಕೂಡ ಪ್ರಜೋತ್ಪತ್ತಿಯೇ! ಚೀನೀಯರದೂ ಅರವತ್ತು ವರ್ಷದ ಚಕ್ರ. ಕೆಲವು ಪಾತ್ರೆಗಳ ತಳದಲ್ಲಿ ಸಂವತ್ಸರದ ಹೆಸರಷ್ಟೇ ಇರುತ್ತದೆ. ಯಾವ ಸುತ್ತಿನದೆಂದು ತಿಳಿಯಲು ಮಣ್ಣು, ಬಣ್ಣ, ಕೈಬರಹ ಎಲ್ಲವನ್ನೂ ಕೇಳಬೇಕು. ಕಾಂಗ್‌ಶಿ ಪಟ್ಟಕ್ಕೆ ಬಂದದ್ದು 1661ರಲ್ಲಿ, ಶಿನ್‌ಚೌ ಎಂಬ ವರ್ಷ. ಅರವತ್ತು ವರ್ಷ ಉರುಳಿ 1721ರಲ್ಲಿ ಶಿನ್‌ಚೌ ತಿರುಗಿ ಬಂದಾಗಲೂ ಸಿಂಹಾಸನದಲ್ಲಿ ಅವನೇ. ಆ ವರ್ಷದ ಕೆಲವು ಪಾತ್ರೆಗಳ ತಳದಲ್ಲಿ ಒಂದು ಅಕ್ಷರ ಹೆಚ್ಚಿಗೆ ಸೇರಿತು: ‘ಮತ್ತೆ ಬಂದ ಶಿನ್‌ಚೌ ವರ್ಷದಲ್ಲಿ ಮಾಡಿದ್ದು’. ಆಳ್ವಿಕೆಗೇ ಷಷ್ಟ್ಯಬ್ದಿ! 1991ರ ಕಾರ್ತಿಕದಲ್ಲಿ ನಮ್ಮಜ್ಜಿಯೂ ‘ಪ್ರಜೋತ್ಪತ್ತಿ ಮತ್ತೆ ಬಂತಲ್ಲೋ’ ಎಂದು ಹಿಗ್ಗಿದ್ದಳು. ಆ ‘ಮತ್ತೆ’ಯನ್ನು ಬರೆದಿಡುವ ಬಟ್ಟಲು ನಮ್ಮಲ್ಲಿರಲಿಲ್ಲ.

ನಿಮ್ಮ ಮನೆಯಲ್ಲೂ ಹಳೆಯ ಪಿಂಗಾಣಿ ಇದ್ದರೆ ಮಗುಚಿ ನೋಡಿ. ಮುಚ್ಚಳವಿದ್ದರೆ ಮಾತ್ರ ಮೊದಲು ಅದನ್ನು ತೆಗೆದಿಡಿ.